ಪಿಎಫ್‌ಸೆನ್ಸ್ ಫೈರ್‌ವಾಲ್‌ಗೆ ಕೀ ಮೂಲಕ ಲಾಗಿನ್: ನನ್ನ ಅನುಭವ

ಒಂದು ಸಂಸ್ಥೆಯ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಶಾಖೆಗಳಲ್ಲಿರುವ ಐದು ಪಿಎಫ್‌ಸೆನ್ಸ್ (ಜಾಲ ಕಾಯುವ ಫೈರ್‌ವಾಲ್ ತಂತ್ರಾಂಶ) ಪೆಟ್ಟಿಗೆಗಳನ್ನು ಶಿವಮೊಗ್ಗದಿಂದಲೇ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ, ಪಾಸ್‌ವರ್ಡ್‌ನ ಹಂಗಿಲ್ಲದೆ ಬರೀ ಕೀ (ಗುಟ್ಟಿನ ಅರ್ಧ ನನ್ನ ಬಳಿ, ‘ಪಬ್ಲಿಕ್’ ಅರ್ಧ ಪೆಟ್ಟಿಗೆಯಲ್ಲಿ ಇರುವ ಜೋಡಿ) ಬಳಸಿ ನಿರ್ವಹಿಸುತ್ತೇನೆ ಎಂದಾಗ ಆ ಸಂಸ್ಥೆಯವರೂ ನಂಬಲಿಲ್ಲ, ನನ್ನ ಜೊತೆ ಕೆಲಸ ಮಾಡುವವರೂ ನಂಬಲಿಲ್ಲ. ಇದೇ ಕೆಲಸಕ್ಕೆ ಬೇರೊಬ್ಬರು ಪೆಟ್ಟಿಗೆಯೊಂದಕ್ಕೆ ವರ್ಷಕ್ಕೆ ಸುಮಾರು 14 ಸಾವಿರ ರೂಪಾಯಿ ಕೇಳಿದ್ದರು. ಈಗ ಎಂಟು ತಿಂಗಳಿಂದ ಐದೂ ಪೆಟ್ಟಿಗೆಗಳು ನಾನು ಹೇಳಿದಂತೆಯೇ ನಡೆಯುತ್ತಿರುವುದರಿಂದ, ಎಲ್ಲೆಲ್ಲಿ ಎಡವಿದೆ ಎಂಬುದನ್ನು ಬರೆದಿಡುತ್ತಿದ್ದೇನೆ.

ಮೊದಲ ತಪ್ಪು ತೀರಾ ಸಣ್ಣದು, ಆದರೆ ಎರಡು ದಿನ ತಿಂದಿತು. ಕೀ ತಯಾರಿಸುವ ಪುಟ್ಟಿಜೆನ್‌ನ ‘ಸೇವ್ ಪಬ್ಲಿಕ್ ಕೀ’ ಗುಂಡಿ ಒತ್ತಿದಾಗ ಸಿಗುವುದು ಹಲವು ಸಾಲುಗಳ ಕಡತ; ಪಿಎಫ್‌ಸೆನ್ಸ್‌ಗೆ ಬೇಕಿರುವುದು ಮೇಲಿನ ಚೌಕದಲ್ಲಿ ಕಾಣುವ ಒಂದೇ ಸಾಲು. ಅದು ತಿಳಿದ ಮೇಲೆ ಶೆಲ್‌ಗೆ (ಆದೇಶ ಟೈಪ್ ಮಾಡುವ ಪರದೆಗೆ) ಹೋಗಿ, ಒಪ್ಪಿದ ಕೀಗಳ ಪಟ್ಟಿಯಾದ ಆಥರೈಸ್ಡ್ ಕೀಸ್ ಕಡತವನ್ನು ಕೈಯಿಂದಲೇ ತಿದ್ದಿದೆ, ಲಾಗಿನ್ ಆಯಿತು. ಮರುದಿನ ಯಾವುದೋ ಕಾರಣಕ್ಕೆ ವೆಬ್ ಪುಟದಲ್ಲಿ ಅದೇ ಬಳಕೆದಾರನ ವಿವರ ಉಳಿಸಿದ ಕೂಡಲೇ ನನ್ನ ತಿದ್ದುಪಡಿ ಅಳಿಸಿಹೋಯಿತು, ಏಕೆಂದರೆ ಆ ಪೆಟ್ಟಿಗೆ ಎಲ್ಲವನ್ನೂ ತನ್ನ ಕಾನ್ಫಿಗ್ (ಹೊಂದಿಕೆಗಳ) ಕಡತದಿಂದಲೇ ಮತ್ತೆ ಬರೆಯುತ್ತದೆ. ಆದ್ದರಿಂದ ಕೀಯನ್ನು ವೆಬ್ ಪುಟದ ಯೂಸರ್ ಮ್ಯಾನೇಜರ್‌ನಲ್ಲೇ ಹಾಕಬೇಕು, ಜೊತೆಗೆ ಆ ಬಳಕೆದಾರನಿಗೆ ಶೆಲ್ ಪ್ರವೇಶದ ಅನುಮತಿಯನ್ನೂ ಕೊಡಬೇಕು.

ನಿಜವಾಗಿ ಕಾಡಿದ್ದು ಸಾಗರದ ಪೆಟ್ಟಿಗೆ. ಅಲ್ಲಿ ಕೀ ಸರಿಯಾಗಿತ್ತು, ಅನುಮತಿ ಸರಿಯಾಗಿತ್ತು, ಆದರೂ ಕಾನ್ಫಿಗ್‌ನ ಪ್ರತಿ ತರುವ ನನ್ನ ರಾತ್ರಿಯ ಸ್ಕ್ರಿಪ್ಟ್ ಸೋಲುತ್ತಿತ್ತು. ಬೆಳಿಗ್ಗೆ ಎದ್ದು ಮತ್ತೆರಡು ಬಾರಿ ಸ್ಕ್ರಿಪ್ಟ್ ಓಡಿಸಿ, ಆಮೇಲೆ ಕೈಯಿಂದ ಪ್ರಯತ್ನಿಸಿದರೆ ‘ಟೈಮ್ಡ್ ಔಟ್’ ಎಂದು ಬರುತ್ತಿತ್ತು. ಲೈನ್ ಕೆಟ್ಟಿದೆ ಎಂದುಕೊಂಡು ಕಾರು ತೆಗೆದುಕೊಂಡು ಹೊರಟರೆ, ನಾನು ಸಾಗರ ಮುಟ್ಟುವಷ್ಟರಲ್ಲಿ ಎಲ್ಲವೂ ಸರಿಯಾಗಿರುತ್ತಿತ್ತು. ಹೀಗೆ ಮೂರು ಬಾರಿ ಹೋಗಿಬಂದೆ. ಪೆಟ್ರೋಲ್, ಊಟ ಸೇರಿ ಪ್ರತಿ ಸಲ 1,100 ರೂಪಾಯಿಯಷ್ಟು ನನ್ನ ಕೈಯಿಂದಲೇ ಹೋಯಿತು.

ಮೂರನೆಯ ಭೇಟಿಯಲ್ಲಿ ಪೆಟ್ಟಿಗೆಯ ಮೇಲೆ ಎರಡನೆಯ ಎಸ್‌ಎಸ್‌ಎಚ್‌ಡಿಯನ್ನು (ಎಸ್‌ಎಸ್‌ಎಚ್‌ನ ಸರ್ವರ್) 2222ನೇ ಪೋರ್ಟ್‌ನಲ್ಲಿ, ಪ್ರತಿ ಹೆಜ್ಜೆಯನ್ನೂ ತೋರಿಸುವ ಡಿಬಗ್ ಸ್ಥಿತಿಯಲ್ಲಿ ಓಡಿಸಿ, ಅಲ್ಲಿದ್ದುಕೊಂಡೇ ನನ್ನ ಲ್ಯಾಪ್‌ಟಾಪ್‌ನಿಂದ ಸಂಪರ್ಕಿಸಿದೆ. ಆಗ ಕಾರಣ ಪರದೆಯ ಮೇಲೆಯೇ ಬಂತು. ಕೀಗಳನ್ನು ಒಂದೊಂದಾಗಿ ಮುಂದೊಡ್ಡುವ ನನ್ನ ಏಜೆಂಟ್‌ನಲ್ಲಿ ಎಂಟು ಕೀಗಳಿದ್ದವು; ಸಾಗರದ ಕೀ ಕೊನೆಯದಾಗಿತ್ತು; ಓಪನ್‌ಎಸ್‌ಎಸ್‌ಎಚ್ ಸರ್ವರ್ ಆರು ಪ್ರಯತ್ನಗಳಿಗೇ ಬಾಗಿಲು ಹಾಕುವುದರಿಂದ ಸರಿಯಾದ ಕೀಯ ಸರದಿ ಬರುತ್ತಲೇ ಇರಲಿಲ್ಲ. ಸ್ಕ್ರಿಪ್ಟ್‌ನಲ್ಲಿ ಸಂದೇಶಗಳನ್ನು ಅಡಗಿಸಿದ್ದರಿಂದ ಇದು ನನಗೆ ಕಾಣಿಸಿರಲಿಲ್ಲ. ಇದರ ಮೇಲೆ, ಲಾಗಿನ್‌ನಲ್ಲಿ ಪದೇ ಪದೇ ಸೋಲುವ ವಿಳಾಸವನ್ನು ತಡೆಯುವ ಎಸ್‌ಎಸ್‌ಎಚ್‌ಗಾರ್ಡ್ ಬೇರೆ: ಸಾಮಾನ್ಯವಾಗಿ ಒಂದು ತಪ್ಪಿಗೆ 10 ಅಂಕ, 30ರ ಮಿತಿ ಮುಟ್ಟಿದರೆ ಮೊದಲಿಗೆ 120 ಸೆಕೆಂಡು ತಡೆ, ಮುಂದಿನ ತಡೆಗಳು ಒಂದೂವರೆ ಪಟ್ಟು ಬೆಳೆಯುತ್ತ ಹೋಗುತ್ತವೆ. ತಡೆಯಲ್ಲಿರುವಾಗ ಅದು ಉತ್ತರವನ್ನೇ ಕೊಡುವುದಿಲ್ಲವಾದ್ದರಿಂದ ಲೈನ್ ಸತ್ತಂತೆ ತೋರುತ್ತದೆ. ಕೀ ತಿರಸ್ಕೃತವಾದರೆ ‘ಪರ್ಮಿಷನ್ ಡಿನೈಡ್’ ಬರಬೇಕು. ಟೈಮ್ ಔಟ್ ಬಂದರೆ ಕೀಯನ್ನು ಮುಟ್ಟದೆ ಮೊದಲು ಪಿಎಫ್‌ಸಿಟಿಎಲ್ ಆದೇಶದಿಂದ ಎಸ್‌ಎಸ್‌ಎಚ್‌ಗಾರ್ಡ್‌ನ ತಡೆ ಪಟ್ಟಿಯನ್ನು ನೋಡಬೇಕು. ನನ್ನ ಕಡೆಯ ಕಾನ್ಫಿಗ್‌ನಲ್ಲಿ ಪ್ರತಿ ಪೆಟ್ಟಿಗೆಗೂ ಅದರದೇ ಕೀ ಕಡತದ ಹೆಸರು ಬರೆದು ‘ಐಡೆಂಟಿಟೀಸ್ ಓನ್ಲಿ’ (ಹೆಸರಿಸಿದ ಕೀ ಮಾತ್ರ ಬಳಸು) ಹಾಕಿದ ಮೇಲೆ ಈ ತೊಂದರೆ ಮರುಕಳಿಸಿಲ್ಲ.

ಈ ನಡುವೆ ಒಂದು ಪ್ರಯೋಗ ಮಾಡಿದೆ. ಹೊಸನಗರದಲ್ಲಿ ಕೀ ಬದಲಿಸಬೇಕಿತ್ತು, ಅಲ್ಲಿನ ಸಿಬ್ಬಂದಿಗೆ ಕಳಿಸಿದ ಸಂದೇಶದಲ್ಲಿ ಪ್ರತಿ ಸಲವೂ ಸಾಲು ಮುರಿಯುತ್ತಿತ್ತು. 4096 ಬಿಟ್‌ನ ಆರ್‌ಎಸ್‌ಎ ಬಗೆಯ ಪಬ್ಲಿಕ್ ಕೀ ಏಳುನೂರಕ್ಕೂ ಹೆಚ್ಚು ಅಕ್ಷರಗಳದ್ದು. ಇಡಿ25519 ಎಂಬ ಇನ್ನೊಂದು ಬಗೆಯ ಕೀಯಲ್ಲಿ 68 ಮಾತ್ರ, ಅದರಲ್ಲೂ ಮೊದಲ 25 ಅಕ್ಷರಗಳು ಆ ಬಗೆಯ ಎಲ್ಲ ಕೀಗಳಲ್ಲಿಯೂ ಒಂದೇ. ಆ ಭಾಗವನ್ನು ಮೊದಲೇ ಕಳಿಸಿ, ಉಳಿದ 43 ಅಕ್ಷರಗಳನ್ನು ಫೋನಿನಲ್ಲಿ ಓದಿ ಹೇಳಿದೆ. ಎರಡನೆಯ ಪ್ರಯತ್ನಕ್ಕೇ ಕೆಲಸವಾಯಿತು. ಹೀಗೆ ಮಾಡಿದವರು ನಮ್ಮ ಸುತ್ತಮುತ್ತ ಬೇರೆ ಯಾರೂ ಇರಲಾರರು ಎಂದು ನನ್ನ ನಂಬಿಕೆ.

ತೀರ್ಥಹಳ್ಳಿಯ ಗೋದಾಮಿನಲ್ಲಿ ಬೇರೆ ಕಂಪನಿಯ ಹಳೆಯ ಫೈರ್‌ವಾಲ್ ಒಂದಿತ್ತು. ಅದು ನನ್ನ ಹಳೆಯ ಲ್ಯಾಪ್‌ಟಾಪ್‌ನಿಂದ ಒಳಗೆ ಬಿಡುತ್ತಿತ್ತು, ಹೊಸದರಿಂದ ಬಿಡುತ್ತಿರಲಿಲ್ಲ. ವಿವರ ತೋರಿಸಲು ಎಸ್‌ಎಸ್‌ಎಚ್ ಆದೇಶಕ್ಕೆ ಮೂರು ‘ವಿ’ ಹಾಕಿ ನೋಡಿದರೆ ‘ನೋ ಮ್ಯೂಚುವಲ್ ಸಿಗ್ನೇಚರ್ ಆಲ್ಗರಿದಮ್’ (ಎರಡೂ ಕಡೆ ಒಪ್ಪುವ ಸಹಿ ವಿಧಾನವಿಲ್ಲ) ಎಂದಿತ್ತು. 2021ರ ಓಪನ್‌ಎಸ್‌ಎಸ್‌ಎಚ್ 8.8ರಿಂದ ಎಸ್‌ಎಚ್‌ಎ-1 ಎಂಬ ಹಳೆಯ ವಿಧಾನದ ಆರ್‌ಎಸ್‌ಎ ಸಹಿಯನ್ನು ಕ್ಲೈಂಟ್ ತಾನಾಗಿಯೇ ಹಾಕುವುದಿಲ್ಲ. ಆ ಒಂದು ವಿಳಾಸಕ್ಕೆ ಮಾತ್ರ ಸಡಿಲಿಸಿ ಕೆಲಸ ಮುಗಿಸಿದೆ; ಎರಡು ತಿಂಗಳಲ್ಲಿ 18 ಸಾವಿರದಷ್ಟು ಖರ್ಚಿನಲ್ಲಿ ಅಲ್ಲಿಗೂ ಪಿಎಫ್‌ಸೆನ್ಸ್ ಹಾಕಿಸಿದೆ.

ವಿಪಿಎನ್ (ಶಾಖೆಗಳಿಗೆ ಇರುವ ಖಾಸಗಿ ಸಂಪರ್ಕ) ಬಿದ್ದಾಗ ಒಳಗೆ ಹೋಗಲು ಇಟ್ಟುಕೊಂಡಿರುವ ಎರಡನೆಯ ದಾರಿಯ ನಿಯಮವನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಕಸುಬಿನ ಗುಟ್ಟು. ಪಾಸ್‌ವರ್ಡ್ ಲಾಗಿನ್ ನಿಲ್ಲಿಸುವ ‘ಪಬ್ಲಿಕ್ ಕೀ ಓನ್ಲಿ’ ಆಯ್ಕೆ ಮಾಡುವ ಮುನ್ನ ಮಾತ್ರ ಒಂದು ಕಿಟಕಿಯಲ್ಲಿ ಹಳೆಯ ಲಾಗಿನ್ ತೆರೆದೇ ಇಟ್ಟು, ಇನ್ನೊಂದರಿಂದ ಕೀ ಪರೀಕ್ಷಿಸಿ. ಐದೂ ಪೆಟ್ಟಿಗೆಗಳಲ್ಲಿ ಹಾಗೆಯೇ ಮಾಡಿದೆ, ಸಾಗರದ್ದನ್ನು ಕೊನೆಗೆ ಉಳಿಸಿಕೊಂಡಿದ್ದೆ.