ವಿಶ್ವವಿದ್ಯಾಲಯದ ಹಾಸ್ಟೆಲ್‌ಗೆ ಬೆಡ್‌ಶೀಟ್ ಕೊಟ್ಟ ನನ್ನ ಅನುಭವ

ಬಳ್ಳಾರಿಯ ಕೌಲ್ ಬಜಾರಿನ ಹತ್ತಿರ ನಮ್ಮದೊಂದು ಹೊಲಿಗೆ ಶೆಡ್ ಇದೆ. ಒಂಬತ್ತು ಪವರ್ ಮಷೀನು, ಒಂದು ಓವರ್‌ಲಾಕ್, ಕಟಿಂಗ್‌ಗೆ ಒಂದು ಉದ್ದನೆಯ ಟೇಬಲ್ಲು. ಹನ್ನೊಂದು ಜನ ಹೆಂಗಸರು ಕೆಲಸ ಮಾಡುತ್ತಾರೆ. ನಮ್ಮೂರಲ್ಲಿ ಹೊಲಿಗೆ ಅಂದರೆ ಜೀನ್ಸು. ನಾವೂ ಹತ್ತು ವರ್ಷ ಜೀನ್ಸ್ ಜಾಬ್ ವರ್ಕ್ ಮಾಡಿದವರೇ. ಸೀಸನ್ ಮುಗಿದರೆ ಮಷೀನಿಗೆ ಬಟ್ಟೆ ಮುಚ್ಚಿ ಕೂರಬೇಕಿತ್ತು. ಆ ಖಾಲಿ ತಿಂಗಳುಗಳಲ್ಲಿ ಬೆಡ್‌ಶೀಟ್, ದಿಂಬಿನ ಕವರ್, ಪರದೆ ಹೊಲಿಯಲು ಶುರು ಮಾಡಿದೆವು. ಬೆಡ್‌ಶೀಟ್ ಜಾಸ್ತಿ ಬೇಕಾಗುವುದು ಹಾಸ್ಟೆಲ್ಲಿಗೆ, ಅಲ್ವಾ? ಹಾಗಾಗಿ ವಿಶ್ವವಿದ್ಯಾಲಯಗಳ ಕಡೆ ಕಣ್ಣು ಹೋಯಿತು.

ಕೇಂದ್ರ ಸರ್ಕಾರದ ದುಡ್ಡಿನಲ್ಲಿ ನಡೆಯುವ ವಿಶ್ವವಿದ್ಯಾಲಯಗಳು 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಖರೀದಿ ಮಾಡುತ್ತವೆ. ಸರ್ಕಾರಿ ಖರೀದಿಗೆ ಅಂತಲೇ ಇರುವ ಜೆಮ್ ಪೋರ್ಟಲ್‌ನಲ್ಲಿ ಸಿಗುವ ವಸ್ತುವನ್ನು ಅಲ್ಲೇ ಕೊಳ್ಳಬೇಕು. ಸಣ್ಣ ಉದ್ಯಮಗಳಿಗೆ ಅಂತ 2012ರ ಒಂದು ಆದೇಶವೂ ಇದೆ. ಕೇಂದ್ರದ ಇಲಾಖೆಗಳು ವರ್ಷದ ಖರೀದಿಯಲ್ಲಿ 25 ಶೇಕಡಾ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ತೆಗೆದುಕೊಳ್ಳಬೇಕು. ಅದರೊಳಗೆ 4 ಶೇಕಡಾ ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಂದ, 3 ಶೇಕಡಾ ಮಹಿಳೆಯರ ಉದ್ಯಮಗಳಿಂದ. ಇಂಥ ಸಣ್ಣ ಉದ್ಯಮಗಳು ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿ, ಕಟ್ಟಬೇಕಿಲ್ಲ. ನಾನು ಪರಿಶಿಷ್ಟ ಜಾತಿಯ ಹೆಂಗಸು, ಶೆಡ್ ನಡೆಸುವವಳು ನಾನೇ. ಇದು ನನಗಾಗಿಯೇ ಮಾಡಿದ್ದು ಅಂದುಕೊಂಡೆ.

2022ರಲ್ಲಿ ಮೊದಲ ಬಿಡ್ ಹಾಕಿದೆವು. ಸುಮಾರು 6 ಲಕ್ಷದ ಕೆಲಸ, ಇಎಂಡಿ 12,000. ಸಣ್ಣ ಉದ್ಯಮ ಅಂತ ನೋಂದಣಿ ಮಾಡಿಸಿದ ಉದ್ಯಮ್ ಸರ್ಟಿಫಿಕೇಟ್ ಇದೆಯಲ್ಲ ಅಂತ ಇಎಂಡಿ ಕಟ್ಟಲಿಲ್ಲ. ತಾಂತ್ರಿಕ ಪರಿಶೀಲನೆಯಲ್ಲೇ ನಮ್ಮನ್ನು ಕೈಬಿಟ್ಟರು. ದರದ ಲಕೋಟೆ ತೆರೆಯುವ ತನಕವೂ ಹೋಗಲಿಲ್ಲ. ಖರೀದಿ ವಿಭಾಗಕ್ಕೆ ಫೋನ್ ಮಾಡಿದೆ. ಆ ಕಡೆಯ ಅಧಿಕಾರಿ ಬೇಸರ ಮಾಡಿಕೊಳ್ಳದೆ ಹೇಳಿದರು: "ಮೇಡಂ, ನಿಮ್ಮ ಸರ್ಟಿಫಿಕೇಟಲ್ಲಿ ನೀವು ಬಟ್ಟೆ ವ್ಯಾಪಾರಿ. ವ್ಯಾಪಾರಿಗೆ ವಿನಾಯಿತಿ ಇಲ್ಲ. ಇನ್ನೊಂದು ವಿಷಯ, ಮಾಲೀಕರು ಅಂತ ಇರೋದು ಗಂಡಸಿನ ಹೆಸರು."

ಅವತ್ತು ರಾತ್ರಿ ಆ ಒಂದು ಹಾಳೆಯನ್ನು ಮೊದಲ ಸಲ ಸಾಲು ಸಾಲಾಗಿ ಓದಿದೆ. ಸೈಬರ್ ಸೆಂಟರಿನಲ್ಲಿ 1,500 ರೂಪಾಯಿ ಕೊಟ್ಟು ಮಾಡಿಸಿದ್ದು. ಅಸಲಿಗೆ ಸರ್ಕಾರದ ಪೋರ್ಟಲ್‌ನಲ್ಲಿ ಅದಕ್ಕೆ ಒಂದು ಪೈಸೆ ಶುಲ್ಕವೂ ಇಲ್ಲ. ಮಾಲೀಕರು: ನನ್ನ ಯಜಮಾನರು. ಸಾಮಾಜಿಕ ವರ್ಗ: ಜನರಲ್. ಕೆಲಸದ ಕೋಡ್: 47ರಿಂದ ಶುರುವಾಗುವ ಐದಂಕಿ. ಹನ್ನೊಂದು ಹೆಂಗಸರು ದಿನವಿಡೀ ಹೊಲಿಯುವ ಜಾಗದ ಬಗ್ಗೆ ಆ ಕಾಗದದಲ್ಲಿ ಒಂದಕ್ಷರವೂ ಇರಲಿಲ್ಲ.

ಈ ಕೋಡ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತುಂಬಾ ಜನ ಎಡವುವುದು ಇಲ್ಲೇ. ಪ್ರತಿ ಕೆಲಸಕ್ಕೂ ಒಂದು ಎನ್‌ಐಸಿ ಕೋಡ್ ಇರುತ್ತದೆ. ಮೊದಲ ಎರಡಂಕಿ ನೋಡಿದರೆ ಸಾಕು. 13 ಅಂದರೆ ಜವಳಿ ತಯಾರಿಕೆ, 14 ಅಂದರೆ ಉಡುಪು ತಯಾರಿಕೆ, 46 ಸಗಟು ವ್ಯಾಪಾರ, 47 ಚಿಲ್ಲರೆ ವ್ಯಾಪಾರ. 2021ರ ಜುಲೈನಲ್ಲಿ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಗೆ ಅವಕಾಶ ಕೊಟ್ಟರು. ಆದರೆ ಅದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಟೆಂಡರ್ ಸೌಲಭ್ಯ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಸರ್ಟಿಫಿಕೇಟಿನಲ್ಲಿ ಆ ಕೋಡಿನ ಸಾಲನ್ನು ತಪ್ಪದೆ ನೋಡಿ. ಬೆಡ್‌ಶೀಟ್, ಪರದೆ ಹೊಲಿಯುವವರಿಗೆ 1392 ಗುಂಪಿನ ಕೋಡ್ ಬರುತ್ತದೆ.

ಕೋಡ್ ತಿದ್ದುವುದು ಸುಲಭ, ಪೋರ್ಟಲ್‌ನಲ್ಲೇ ಆಗುತ್ತದೆ. ಮಾಲೀಕತ್ವ ಹಾಗಲ್ಲ. ಒಬ್ಬರೇ ಮಾಲೀಕರಾದ ಉದ್ಯಮ ಅವರ ಪ್ಯಾನ್, ಆಧಾರ್‌ಗೆ ಅಂಟಿಕೊಂಡಿರುತ್ತದೆ. ಯಜಮಾನರ ಹೆಸರು ತೆಗೆದು ನನ್ನ ಹೆಸರು ಬರೆಯಲು ಬರುವುದಿಲ್ಲ. ನನ್ನ ಪ್ಯಾನ್‌ನಲ್ಲಿ ಹೊಸ ಜಿಎಸ್‌ಟಿ, ಹೊಸ ಉದ್ಯಮ್, ಹೊಸ ಕರೆಂಟ್ ಅಕೌಂಟ್, ಎಲ್ಲಾ ಮೊದಲಿನಿಂದ. ಹಳೆ ಸ್ಟಾಕಿನ ಮೇಲಿದ್ದ ಇನ್‌ಪುಟ್ ಕ್ರೆಡಿಟ್ಟನ್ನು (ಮಾಲು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಗೆ ಸಿಗುವ ಕಡಿತ) ಐಟಿಸಿ-02 ನಮೂನೆಯಲ್ಲಿ ವರ್ಗಾಯಿಸಬಹುದು ಅಂತ ನಮ್ಮ ಆಡಿಟರ್ ಹೇಳಿದರು, ಅದೊಂದು ಉಳಿಯಿತು. ಯಜಮಾನರು ಮೊದಲು ಸ್ವಲ್ಪ ಹಿಂದೆ ಮುಂದೆ ನೋಡಿದರು. ಒಂದು ವಾರ ಆ ಮಾತೇ ಎತ್ತಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅವರೇ ಸ್ಕೂಟರ್ ತೆಗೆದು, "ನಡಿ, ಬ್ಯಾಂಕಿಗೆ ಹೋಗಿ ಬರೋಣ" ಅಂದರು.

ನಾಡಕಚೇರಿಯಿಂದ ಜಾತಿ ಪ್ರಮಾಣಪತ್ರ ತಂದೆ. ಪಾಲುದಾರಿಕೆ ಆಗಿದ್ದರೆ ಈ ಸೌಲಭ್ಯಕ್ಕೆ ಕನಿಷ್ಠ 51 ಶೇಕಡಾ ಪಾಲು ನನ್ನದಿರಬೇಕಿತ್ತು. ಒಬ್ಬಳೇ ಮಾಲೀಕಳಾದ್ದರಿಂದ ಆ ಲೆಕ್ಕ ಬರಲಿಲ್ಲ.

ಜಾಸ್ತಿ ದಿನ ಹಿಡಿದದ್ದು ಉದ್ದಿಮೆ ಪರವಾನಗಿ. ಪಾಲಿಕೆ ಕೊಡುವ ಈ ಪರವಾನಗಿ ನಮ್ಮಲ್ಲಿ ಮನೆ ವಿಳಾಸದಲ್ಲಿತ್ತು, ಮಷೀನುಗಳು ಇರುವುದು ಶೆಡ್ಡಿನಲ್ಲಿ. ಬಾಡಿಗೆ ಕರಾರಿನಲ್ಲಿ ಹಳೆ ಡೋರ್ ನಂಬರ್. ತೆರಿಗೆ ರಶೀದಿಯಲ್ಲಿ ಹೊಸದು. ಕರೆಂಟ್ ಬಿಲ್ಲಿನಲ್ಲಿ ನಂಬರೇ ಇಲ್ಲ, "ದೇವಸ್ಥಾನದ ಹಿಂದೆ" ಅಂತಿತ್ತು. ಮೂರು ಕಾಗದ, ಮೂರು ವಿಳಾಸ. ಜೆಮ್‌ನಲ್ಲಿ ಒಂದು, ಜಿಎಸ್‌ಟಿಯಲ್ಲಿ ಇನ್ನೊಂದು ವಿಳಾಸ ಇದ್ದರೆ ಪರಿಶೀಲಿಸುವವರಿಗೆ ಸಂಶಯ ಬರುವುದು ಸಹಜ. ಶೆಡ್ಡಿನ ಮಾಲೀಕರನ್ನು ಕರೆದುಕೊಂಡು ಹೋಗಿ ಹೊಸ ಕರಾರು ಮಾಡಿಸಿದೆ. ಎಲ್ಲದರಲ್ಲೂ ಒಂದೇ ಡೋರ್ ನಂಬರ್, ಒಂದೇ ಸ್ಪೆಲ್ಲಿಂಗ್ ಬರುವ ಹೊತ್ತಿಗೆ ನಾಲ್ಕು ತಿಂಗಳಾಯಿತು.

2024ರಲ್ಲಿ ಮತ್ತೆ ಬಿಡ್ ಹಾಕಿದೆ. 600 ಸಿಂಗಲ್ ಬೆಡ್‌ಶೀಟ್, 60 ಇಂಚು ಅಗಲ, 90 ಇಂಚು ಉದ್ದ. ಹೊಸ ಸಂಸ್ಥೆಯಾದ್ದರಿಂದ ಹಿಂದಿನ ವಹಿವಾಟು, ಅನುಭವ ತೋರಿಸಲು ಏನೂ ಇರಲಿಲ್ಲ. ಗುಣಮಟ್ಟ ಸರಿ ಇದ್ದರೆ ಸಣ್ಣ ಉದ್ಯಮಕ್ಕೆ ಈ ಷರತ್ತು ಸಡಿಲಿಸಲು ಅವಕಾಶ ಇದೆ, ಆದರೆ ಸಡಿಲಿಸುವುದು ಬಿಡುವುದು ಕೊಳ್ಳುವವರ ಕೈಯಲ್ಲಿ. ಹಾಗಾಗಿ ನಾನು ಬಿಡ್ ಕಾಗದದಲ್ಲಿ ಮೊದಲು ಹುಡುಕಿದ್ದು ಆ ಸಾಲನ್ನೇ. ಅದರಲ್ಲಿ "ಸಡಿಲಿಕೆ ಇದೆ" ಅಂತಿತ್ತು.

ನಾನು ಹಾಕಿದ ದರ ಒಂದು ಪೀಸಿಗೆ 445 ರೂಪಾಯಿ. ಎಲ್ ಒನ್, ಅಂದರೆ ಎಲ್ಲರಿಗಿಂತ ಕಡಿಮೆ ದರ, ಬಂದವರದು 400. ಅವರು ದೊಡ್ಡ ಕಂಪನಿ, ಸಣ್ಣ ಉದ್ಯಮದ ಪಟ್ಟಿಯಲ್ಲಿ ಇಲ್ಲ. ಇಂಥ ಕಡೆ ಆದೇಶದ ಇನ್ನೊಂದು ಅನುಕೂಲ ಸಿಗುತ್ತದೆ. ನಮ್ಮ ದರ ಎಲ್ ಒನ್‌ಗಿಂತ 15 ಶೇಕಡಾದೊಳಗೆ, ಅಂದರೆ 460ರೊಳಗೆ ಇದ್ದರೆ, ಅವರ ದರಕ್ಕೆ ಇಳಿದು ಒಂದು ಪಾಲು ಮಾಲು ಕೊಡಲು ನಮ್ಮನ್ನು ಕೇಳುತ್ತಾರೆ. 400ಕ್ಕೆ 150 ಪೀಸ್ ಕೊಡುತ್ತೀರಾ ಅಂತ ಕೇಳಿದರು. ಅವತ್ತು ಕಟಿಂಗ್ ಟೇಬಲ್ಲಿನ ಮೇಲೆ ಚಾಕ್‌ಪೀಸಲ್ಲೇ ಲೆಕ್ಕ ಹಾಕಿದೆ. ಮಹಾರಾಷ್ಟ್ರದ ಇಚಲಕರಂಜಿಯಿಂದ ತರಿಸುವ ಬಟ್ಟೆ 290, ಹೊಲಿಗೆ 35, ಪ್ಯಾಕಿಂಗ್ 10, ಲಾರಿ ಬಾಡಿಗೆ 18. ಒಟ್ಟು 353. ಉಳಿಯುವುದು 47, ಅದರಲ್ಲೇ ಶೆಡ್ ಬಾಡಿಗೆ, ಕರೆಂಟು. ಒಪ್ಪಿಕೊಂಡೆ. ಲೆಕ್ಕ ಹಾಕದೆ ಒಪ್ಪಿಕೊಳ್ಳಬೇಡಿ, ಅಷ್ಟು ದರ ಇಳಿಯುವುದು ಎಲ್ಲರಿಗೂ ಆಗುವ ಮಾತಲ್ಲ.

ಮಾಲು ಕಳಿಸುವ ಮೊದಲು ಒಂದು ಪೀಸನ್ನು ಮನೆಯಲ್ಲೇ ಒಗೆದು ಒಣಗಿಸಿದೆ. ಟೇಪ್ ಹಿಡಿದರೆ 90 ಇದ್ದದ್ದು 87 ಆಗಿತ್ತು! ಹಾಸ್ಟೆಲ್ ಮಂಚಕ್ಕೆ ಹಾಸಿದರೆ ಕಾಲಿನ ಕಡೆ ಹಾಸಿಗೆ ಕಾಣುತ್ತದೆ. ಪುಣ್ಯಕ್ಕೆ ಇನ್ನೂ ಪೂರ್ತಿ ಕತ್ತರಿಸಿರಲಿಲ್ಲ. ಉದ್ದಕ್ಕೆ ನಾಲ್ಕು ಇಂಚು ಜಾಸ್ತಿ ಬಿಟ್ಟು ಕತ್ತರಿಸಿದೆವು. ಬಟ್ಟೆ ಖರ್ಚು ಸ್ವಲ್ಪ ಏರಿತು. ಮಲಗುವುದು ಯಾರದೋ ಮನೆಯ ಮಗು, ಅದಕ್ಕೆ ಬೇಜಾರಾಗಲಿಲ್ಲ.

ದುಡ್ಡು ಬರುವುದು ತಡವಾಯಿತು. ಮಾಲು ಒಪ್ಪಿಕೊಂಡಿದ್ದಕ್ಕೆ ಕೊಡುವ ಸಿಆರ್‌ಎಸಿ ಪತ್ರ ಬಂದಿತ್ತು, ಆದರೂ ಬಿಲ್ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಒಪ್ಪಿಕೊಂಡ 45 ದಿನದೊಳಗೆ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಆಗ ಸಮಾಧಾನ್ ಪೋರ್ಟಲ್ ಇತ್ತು. ನಾನು ಅಲ್ಲಿ ತನಕ ಹೋಗಲಿಲ್ಲ. 50ನೇ ದಿನ, 15 ಮತ್ತು 16ನೇ ಸೆಕ್ಷನ್ ಬರೆದು, ಉದ್ಯಮ್ ನಂಬರ್ ಹಾಕಿ, ವಿನಯದಿಂದ ಒಂದು ಪತ್ರ ಕಳಿಸಿದೆ. ಒಂಬತ್ತು ದಿನಕ್ಕೆ ಹಣ ಬಂತು. ಅವತ್ತೇ ಹೆಂಗಸರ ಬಾಕಿ ಕೂಲಿ ಚುಕ್ತಾ ಮಾಡಿದೆ.

ಒಂದು ವಿಷಯ ಗಮನಿಸಿ, 25 ಶೇಕಡಾದ ಈ ಆದೇಶ ಕೇಂದ್ರದ್ದು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು 1999ರ ಕೆಟಿಪಿಪಿ ಕಾಯ್ದೆಯ (ಕರ್ನಾಟಕದ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆ) ಕೆಳಗೆ ಬರುತ್ತವೆ, ಅಲ್ಲಿನ ಷರತ್ತುಗಳೇ ಬೇರೆ. ಎರಡನ್ನೂ ಕಲಸಿಕೊಂಡು ಅರ್ಜಿ ಹಾಕಬೇಡಿ.

ಮೊನ್ನೆ ನಮ್ಮ ಬೀದಿಯಲ್ಲೇ ಸ್ಕೂಲ್ ಬ್ಯಾಗ್ ಹೊಲಿಯುವ ಅಕ್ಕ ಒಬ್ಬರು ಸರ್ಟಿಫಿಕೇಟ್ ತಂದು ತೋರಿಸಿದರು. ಅದರಲ್ಲೂ 47, ಅದರಲ್ಲೂ ಗಂಡನ ಹೆಸರು. "ಪ್ಯಾನ್ ಕಾರ್ಡ್ ಇದೆಯಾ ಅಕ್ಕಾ?" ಅಂತ ಕೇಳಿದೆ. ಇಲ್ಲ ಅಂದರು. ನಾಳೆ ಆಧಾರ್ ತೆಗೆದುಕೊಂಡು ಬನ್ನಿ, ಅದರಿಂದಲೇ ಶುರು ಮಾಡೋಣ ಅಂತ ಹೇಳಿ ಕಳಿಸಿದ್ದೇನೆ.