ಹೊಸ ವಿಂಡೋಸ್‌ನಲ್ಲಿ ಹಳೇ ಆಟ: ಡೈರೆಕ್ಟ್‌ಎಕ್ಸ್ ಜೊತೆ ನನ್ನ ಅನುಭವ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಹೊತ್ತಿಗೆ ಮನೆಯ ಕಂಪ್ಯೂಟರು, ತಂಗಿಯ ಮನೆಯದು, ಸ್ನೇಹಿತರದು ಅಂತ ಒಂದಾದ ಮೇಲೊಂದು ವಿಂಡೋಸ್ 11ಕ್ಕೆ ಬದಲಾಯಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲದರಲ್ಲೂ ಡಿಸ್ಕ್ ಅಳಿಸಿ ಹೊಸದಾಗಿಯೇ ಹಾಕಿದೆ. ಫೋಟೋ, ದಾಖಲೆ, ಪ್ರಿಂಟರ್ ಇವೆಲ್ಲಾ ಸಲೀಸಾಗಿ ಆದವು. ತೊಡಕು ಬಂದದ್ದು ಆಟಗಳಲ್ಲಿ. ಅದರಲ್ಲೂ 2005ರಿಂದ 2012ರ ಒಳಗೆ ಬಂದ ಆಟಗಳಲ್ಲಿ.

ತೆರೆಯಲು ಹೋದರೆ ಒಂದು ಪುಟ್ಟ ಪೆಟ್ಟಿಗೆ ಬರುತ್ತದೆ. ಡಿ3ಡಿಎಕ್ಸ್9_43.ಡಿಎಲ್ಎಲ್ ಸಿಗಲಿಲ್ಲ, ಪ್ರೋಗ್ರಾಂ ಮುಂದುವರಿಯಲು ಆಗುವುದಿಲ್ಲ, ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿ ಅಂತ. ಕೆಲವು ಆಟಕ್ಕೆ 43 ಬೇಕು, ಕೆಲವಕ್ಕೆ 31, ಇನ್ನು ಕೆಲವಕ್ಕೆ ಎಕ್ಸ್‌ಇನ್‌ಪುಟ್1_3 ಬೇಕು. ಇವೆಲ್ಲಾ ಡೈರೆಕ್ಟ್‌ಎಕ್ಸ್‌ಗೆ ಸೇರಿದ ಫೈಲುಗಳು. ಡೈರೆಕ್ಟ್‌ಎಕ್ಸ್ ಅಂದರೆ ಆಟಗಳು ಚಿತ್ರ, ಶಬ್ದಕ್ಕೆಲ್ಲಾ ಬಳಸುವ ಮೈಕ್ರೋಸಾಫ್ಟ್‌ನ ಸಾಫ್ಟ್‌ವೇರ್.

ತಂಗಿಯ ಮಗ ಕೇಳಿದ ಪ್ರಶ್ನೆ ಇಲ್ಲಿ ತುಂಬಾ ಮುಖ್ಯ. "ಮಾಮ, ಇದ್ರಲ್ಲಿ ಡೈರೆಕ್ಟ್‌ಎಕ್ಸ್ 12 ಇದೆ ಅಂತ ತೋರಿಸ್ತಿದೆ. ಆಟ ಕೇಳ್ತಿರೋದು 9. 12 ಇದ್ಮೇಲೆ 9 ಅದರೊಳಗೇ ಇರಬೇಕು ಅಲ್ವಾ?"

ಅವನು ಹೇಳಿದ್ದು ಅರ್ಧ ಸರಿ. ಡೈರೆಕ್ಟ್‌ಎಕ್ಸ್ 9ರ ಮೂಲ ಫೈಲು, ಅಂದರೆ ಡಿ3ಡಿ9.ಡಿಎಲ್ಎಲ್, ವಿಂಡೋಸ್ 11ರಲ್ಲಿ ಇವತ್ತಿಗೂ ಇದೆ. 10, 11, 12 ಎಲ್ಲದರದ್ದೂ ಇದೆ. ಇಲ್ಲದೇ ಇರುವುದು ಡಿ3ಡಿಎಕ್ಸ್ ಅನ್ನುವ ಸಹಾಯಕ ಫೈಲುಗಳು. ಚಿತ್ರದ ಫೈಲ್ ಓದುವುದು, ಮಾಡೆಲ್ ಲೋಡ್ ಮಾಡುವುದು, ಗಣಿತದ ಲೆಕ್ಕ ಮಾಡುವುದು, ಇಂಥ ಕೆಲಸಗಳನ್ನು ಆಟ ಬರೆಯುವವರು ತಾವೇ ಬರೆಯುವ ಬದಲು ಈ ಫೈಲುಗಳ ಕೈಗೆ ಒಪ್ಪಿಸುತ್ತಿದ್ದರು. ಇವು ಬಂದದ್ದು ವಿಂಡೋಸ್ ಜೊತೆ ಅಲ್ಲ, ಡೆವಲಪರ್‌ಗಳಿಗೆ ಕೊಡುತ್ತಿದ್ದ ಡೈರೆಕ್ಟ್‌ಎಕ್ಸ್ ಎಸ್‌ಡಿಕೆ (ಆಟ ಬರೆಯಲು ಬೇಕಾದ ಸಲಕರಣೆಗಳ ಕಟ್ಟು) ಜೊತೆ. ಆ ಎಸ್‌ಡಿಕೆ ಕೆಲವು ತಿಂಗಳಿಗೊಮ್ಮೆ ಹೊಸದಾಗಿ ಬರುತ್ತಿತ್ತು, ಹೆಚ್ಚು ಕಡಿಮೆ ಪ್ರತಿ ಸಲವೂ ಫೈಲಿನ ನಂಬರ್ ಒಂದು ಏರುತ್ತಿತ್ತು. 2005ರ ಫೆಬ್ರವರಿಯಲ್ಲಿ 24, ಏಪ್ರಿಲ್‌ನಲ್ಲಿ 25, ಜೂನ್‌ನಲ್ಲಿ 26. ಹೀಗೇ ಹೋಗಿ 2010ರ ಜೂನ್‌ನಲ್ಲಿ 43ಕ್ಕೆ ನಿಂತಿತು. ಅದರ ಮುಂದೆ ಹೊಸ ನಂಬರ್ ಬರಲೇ ಇಲ್ಲ.

ಆಟ ತಯಾರಾದಾಗ ಯಾವ ನಂಬರ್ ಬಳಸಿದ್ದರೋ ಅದೇ ನಂಬರ್ ಬೇಕು. 27 ಕೇಳುವ ಆಟಕ್ಕೆ 43 ಇದ್ದರೂ ಪ್ರಯೋಜನವಿಲ್ಲ. ಗ್ಯಾರೇಜಿನ ಸ್ಪ್ಯಾನರ್ ಸೆಟ್ ನೋಡಿದ್ದೀರಲ್ಲ, ದೊಡ್ಡ ಸ್ಪ್ಯಾನರ್ ಇದೆ ಅಂತ ಚಿಕ್ಕದನ್ನು ಯಾರೂ ಬಿಸಾಡುವುದಿಲ್ಲ. ಹಾಗೆ ಈ ಇಪ್ಪತ್ತೂ ಫೈಲುಗಳು ಪಕ್ಕಪಕ್ಕದಲ್ಲೇ ಇರಬೇಕು.

ಹಾಗಾದರೆ ಹಳೇ ಕಂಪ್ಯೂಟರಿನಲ್ಲಿ ಈ ತಾಪತ್ರಯ ಯಾಕೆ ಇರಲಿಲ್ಲ? ಆಟದ ಡಿವಿಡಿ ಒಳಗೇ ಡೈರೆಕ್ಟ್‌ಎಕ್ಸ್ ಅಥವಾ ರೀಡಿಸ್ಟ್ ಅಂತ ಒಂದು ಫೋಲ್ಡರ್ ಇರುತ್ತಿತ್ತು. ಇನ್‌ಸ್ಟಾಲ್ ಮಾಡುವಾಗ ಕೊನೆಗೆ ಅದರಲ್ಲಿರುವ ಸೆಟಪ್ ತಾನಾಗಿ ಓಡಿ, ಬೇಕಾದ ಫೈಲನ್ನು ವಿಂಡೋಸ್ ಒಳಗೆ ಇಡುತ್ತಿತ್ತು. ನಮಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ನಮ್ಮಲ್ಲಿ ಆಟಗಳು ಓಡಾಡುವುದು ಹೇಗೆ ಹೇಳಿ? ಹಳೇ ಹಾರ್ಡ್‌ಡಿಸ್ಕ್‌ನಿಂದ ಆಟದ ಫೋಲ್ಡರನ್ನು ಹಾಗೇ ಎತ್ತಿ ಹೊಸದರಲ್ಲಿ ಪೇಸ್ಟ್ ಮಾಡುತ್ತೇವೆ. ಫೋಲ್ಡರ್ ಬರುತ್ತದೆ, ವಿಂಡೋಸ್ ಒಳಗೆ ಇಟ್ಟಿದ್ದ ಫೈಲು ಬರುವುದಿಲ್ಲ. ನಾನು ನೋಡಿದ ಕಂಪ್ಯೂಟರುಗಳಲ್ಲಿ ಬಹುಪಾಲು ತೊಂದರೆಗೆ ಇದೇ ಕಾರಣ.

ಫೈಲ್ ಇಲ್ಲ ಅಂದ ಕೂಡಲೇ ಜನ ಮಾಡುವುದು ಏನು? ಆ ಫೈಲಿನ ಹೆಸರನ್ನು ಗೂಗಲ್‌ಗೆ ಹಾಕುತ್ತಾರೆ. ಡಿಎಲ್ಎಲ್ ಫೈಲುಗಳನ್ನು ಒಂದೊಂದಾಗಿ ಕೊಡುವ ಸೈಟುಗಳು ಸಾಲಾಗಿ ಸಿಗುತ್ತವೆ. ದಯವಿಟ್ಟು ಅಲ್ಲಿಗೆ ಹೋಗಬೇಡಿ. ಅಲ್ಲಿಟ್ಟ ಫೈಲನ್ನು ಯಾರು ಮುಟ್ಟಿದ್ದಾರೆ, ಒಳಗೆ ಏನು ಸೇರಿಸಿದ್ದಾರೆ ಅಂತ ತಿಳಿಯುವುದು ಕಷ್ಟ. ಡಿಎಲ್ಎಲ್ ಅಂದರೆ ಸುಮ್ನೆ ಒಂದು ಡೇಟಾ ಅಲ್ಲ, ಅದು ಓಡುವ ಪ್ರೋಗ್ರಾಂ. ನೀವು ಆಟ ತೆರೆದಾಗ ಅದೂ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡುವ ಕಂಪ್ಯೂಟರಿನಲ್ಲಿ ಅಂಥದ್ದೊಂದನ್ನು ಬಿಟ್ಟುಕೊಳ್ಳಬಾರದು. ಇದರ ಬಗ್ಗೆ ನಾನು ಮನೆಮಂದಿಗೆಲ್ಲಾ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಇನ್ನೊಂದು ತೊಂದರೆಯೂ ಇದೆ. ಒಂದು ಫೈಲ್ ತಂದಿಟ್ಟರೆ ಆಟ ಇನ್ನೊಂದನ್ನು ಕೇಳುತ್ತದೆ, ಅದನ್ನು ತಂದರೆ ಮತ್ತೊಂದು. ಕೊನೆಗೆ 0ಎಕ್ಸ್‌ಸಿ000007ಬಿ ಅನ್ನುವ ಎರರ್ ಬಂದು ನಿಲ್ಲುತ್ತದೆ. ಇದು ಬರುವುದು ಹೆಚ್ಚಾಗಿ 32 ಬಿಟ್ ಆಟಕ್ಕೆ 64 ಬಿಟ್ ಫೈಲ್ ಸಿಕ್ಕಾಗ. ವಿಂಡೋಸ್ ಒಳಗೆ ಸಿಸ್ಟಂ32 ಮತ್ತು ಸಿಸ್‌ವಾವ್64 ಅಂತ ಎರಡು ಫೋಲ್ಡರ್ ಇವೆ. ಹೆಸರು ನೋಡಿ ಎಲ್ಲರೂ 32 ಬಿಟ್ ಫೈಲನ್ನು ಸಿಸ್ಟಂ32ಕ್ಕೆ ಹಾಕುತ್ತಾರೆ. ಆದರೆ 64 ಬಿಟ್ ವಿಂಡೋಸ್‌ನಲ್ಲಿ ಲೆಕ್ಕ ಉಲ್ಟಾ. ಸಿಸ್ಟಂ32ರಲ್ಲಿ ಇರಬೇಕಾದದ್ದು 64 ಬಿಟ್ ಫೈಲು, ಸಿಸ್‌ವಾವ್64ರಲ್ಲಿ 32 ಬಿಟ್ ಫೈಲು. ವಿಂಡೋಸ್ 11ರಲ್ಲಂತೂ 32 ಬಿಟ್ ಆವೃತ್ತಿಯೇ ಇಲ್ಲ, ಆದ್ದರಿಂದ ಎಲ್ಲರ ಕಂಪ್ಯೂಟರಿನಲ್ಲೂ ಈ ಎರಡು ಫೋಲ್ಡರ್ ಇದ್ದೇ ಇರುತ್ತವೆ. ಆ ಕಾಲದ ಆಟಗಳು ಬಹುತೇಕ 32 ಬಿಟ್.

ಕೈಯಿಂದ ಒಂದೊಂದೇ ಫೈಲ್ ಇಡುವ ಉಸಾಬರಿಯೇ ಬೇಡ. ಮೈಕ್ರೋಸಾಫ್ಟ್‌ನ ಸೈಟಿನಲ್ಲೇ ಡೈರೆಕ್ಟ್‌ಎಕ್ಸ್ ಎಂಡ್ ಯೂಸರ್ ರನ್‌ಟೈಮ್, ಜೂನ್ 2010 ಅನ್ನುವ ಪ್ಯಾಕೇಜ್ ಇದೆ. ಸುಮಾರು 95 ಎಂಬಿ. ಇದರ ತಮ್ಮನಂಥ ಒಂದು ಚಿಕ್ಕ ವೆಬ್ ಇನ್‌ಸ್ಟಾಲರ್ ಕೂಡ ಇದೆ, ಅದು ಬೇಕಾದ ಫೈಲುಗಳನ್ನು ನೆಟ್‌ನಿಂದ ಎಳೆದುಕೊಳ್ಳುತ್ತದೆ. ನನಗೆ ದೊಡ್ಡ ಪ್ಯಾಕೇಜೇ ಇಷ್ಟ. ಒಮ್ಮೆ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದ ಮನೆಯಲ್ಲೂ ಕೆಲಸ ಆಗುತ್ತದೆ. ಇಳಿಸಿದ ಮೇಲೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಡಿಜಿಟಲ್ ಸಿಗ್ನೇಚರ್ಸ್ ಅನ್ನುವಲ್ಲಿ ಮೈಕ್ರೋಸಾಫ್ಟ್ ಕಾರ್ಪೊರೇಷನ್ ಅಂತ ಇದೆಯಾ ನೋಡುತ್ತೇನೆ. ಅರ್ಧ ನಿಮಿಷದ ಕೆಲಸ, ಮನಸ್ಸಿಗೆ ಸಮಾಧಾನ.

ಈ ಪ್ಯಾಕೇಜಿನಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಅದನ್ನು ಓಡಿಸಿದರೆ ಏನೂ ಇನ್‌ಸ್ಟಾಲ್ ಆಗುವುದಿಲ್ಲ. ಲೈಸೆನ್ಸ್‌ಗೆ ಒಪ್ಪಿಗೆ ಕೊಟ್ಟ ಮೇಲೆ, ಫೈಲುಗಳನ್ನು ಎಲ್ಲಿ ಬಿಚ್ಚಿಡಲಿ ಅಂತ ಕೇಳುತ್ತದೆ, ಅಷ್ಟೇ. ಒಂದು ಹೊಸ ಖಾಲಿ ಫೋಲ್ಡರ್ ಮಾಡಿ ಅದನ್ನು ತೋರಿಸಿ. ಡೆಸ್ಕ್‌ಟಾಪನ್ನೇ ತೋರಿಸಿದರೆ ನೂರಕ್ಕೂ ಹೆಚ್ಚು ಫೈಲು ಅಲ್ಲಿ ಹರಡಿಕೊಳ್ಳುತ್ತವೆ. ಬಿಚ್ಚಿದ ಮೇಲೆ ಫೋಲ್ಡರ್ ತೆರೆದು ನೋಡಿ. ಫೆಬ್2005_ಡಿ3ಡಿಎಕ್ಸ್9_24_ಎಕ್ಸ್86 ಅಂತ ಶುರುವಾಗಿ ಜೂನ್2010_ಡಿ3ಡಿಎಕ್ಸ್9_43_ಎಕ್ಸ್64 ತನಕ ಕ್ಯಾಬ್ ಫೈಲುಗಳು, ಅಂದರೆ ಒತ್ತಿ ಕಟ್ಟಿಟ್ಟ ಫೈಲುಗಳು, ಇರುತ್ತವೆ. ತಿಂಗಳು, ವರ್ಷ, ನಂಬರ್, ಬಿಟ್ ಎಲ್ಲಾ ಹೆಸರಿನಲ್ಲೇ ಇದೆ. ಎಕ್ಸ್86 ಅಂದರೆ 32 ಬಿಟ್, ಎಕ್ಸ್64 ಅಂದರೆ 64 ಬಿಟ್. ಐದು ವರ್ಷದ ಆಟಗಳ ಚರಿತ್ರೆ ಒಂದೇ ಫೋಲ್ಡರಿನಲ್ಲಿ ಸಾಲಾಗಿ ನಿಂತಂತೆ ಕಾಣುತ್ತದೆ. ನನಗಂತೂ ಅದನ್ನು ನೋಡುವುದೇ ಖುಷಿ. ತಂಗಿಯ ಮಗನಿಗೂ ಈ ಫೋಲ್ಡರ್ ತೋರಿಸಿದ ಮೇಲೆಯೇ ವಿಷಯ ಪೂರ್ತಿ ಮನಸ್ಸಿಗೆ ಇಳಿದದ್ದು.

ಅದೇ ಫೋಲ್ಡರಿನಲ್ಲಿ ಡಿಎಕ್ಸ್‌ಸೆಟಪ್ ಅಂತ ಒಂದಿದೆ. ಅದನ್ನು ಓಡಿಸಬೇಕು. ಅದು 32 ಮತ್ತು 64 ಎರಡೂ ಬಿಟ್ ಫೈಲುಗಳನ್ನು ಆಯಾ ಫೋಲ್ಡರಿಗೆ ತಾನೇ ಹಾಕುತ್ತದೆ. ಡಿ3ಡಿಎಕ್ಸ್ ಮಾತ್ರ ಅಲ್ಲ, ಶಬ್ದಕ್ಕೆ ಬೇಕಾದ ಎಕ್ಸ್‌ಆಡಿಯೋ2_7, ಗೇಮ್ ಕಂಟ್ರೋಲರ್‌ಗೆ ಬೇಕಾದ ಎಕ್ಸ್‌ಇನ್‌ಪುಟ್1_3 ಇವೂ ಬರುತ್ತವೆ. "2010ರ ಪ್ಯಾಕೇಜ್ ಹಾಕಿದ್ರೆ ನನ್ನ ಡೈರೆಕ್ಟ್‌ಎಕ್ಸ್ 12 ಹಳೇದಾಗಿಬಿಡುತ್ತಾ" ಅಂತ ಸ್ನೇಹಿತರೊಬ್ಬರು ಗಾಬರಿಯಾದರು. ಆಗುವುದಿಲ್ಲ. ವಿಂಡೋಸ್‌ನ ಸ್ವಂತ ಡೈರೆಕ್ಟ್‌ಎಕ್ಸ್ ಫೈಲುಗಳನ್ನು ಇದು ಮುಟ್ಟುವುದಿಲ್ಲ, ಇಲ್ಲದ್ದನ್ನು ಮಾತ್ರ ಸೇರಿಸುತ್ತದೆ. ಹಾಕಿದ ಮೇಲೂ ಡೈರೆಕ್ಟ್‌ಎಕ್ಸ್ ವಿವರ ತೋರಿಸುವ ವಿಂಡೋಸ್‌ನ ಡಿಎಕ್ಸ್‌ಡಯಾಗ್‌ನಲ್ಲಿ 12 ಅಂತಲೇ ತೋರಿಸುತ್ತದೆ. ಆದ್ದರಿಂದ ಅಲ್ಲಿ ನೋಡಿ 'ಏನೂ ಆಗಲೇ ಇಲ್ಲ' ಅಂದುಕೊಳ್ಳಬೇಡಿ. ಸಿಸ್‌ವಾವ್64 ಫೋಲ್ಡರಿಗೆ ಹೋಗಿ ಡಿ3ಡಿಎಕ್ಸ್9 ಅಂತ ಹುಡುಕಿ. 24ರಿಂದ 43ರವರೆಗೆ ಸಾಲಾಗಿ ಕಂಡರೆ ಕೆಲಸ ಆಗಿದೆ.

ಆಟ ಮಾರುವ ಸ್ಟೀಮ್ ಆ್ಯಪ್ ಬಳಸುವವರಿಗೆ ಒಂದು ಮಾತು. ಈ ಪ್ಯಾಕೇಜ್ ನಿಮ್ಮ ಡಿಸ್ಕ್‌ನಲ್ಲೇ ಇರುವ ಸಾಧ್ಯತೆ ಜಾಸ್ತಿ. ಸ್ಟೀಮ್‌ಆ್ಯಪ್ಸ್ ಒಳಗೆ ಕಾಮನ್, ಅದರೊಳಗೆ ಸ್ಟೀಮ್‌ವರ್ಕ್ಸ್ ಶೇರ್ಡ್, ಅದರೊಳಗೆ _ಕಾಮನ್‌ರೀಡಿಸ್ಟ್ ಅಂತ ಫೋಲ್ಡರ್ ಇರುತ್ತದೆ. ಡೈರೆಕ್ಟ್‌ಎಕ್ಸ್ ಮತ್ತು ವಿಷುವಲ್ ಸಿ++ ಎರಡರ ಸೆಟಪ್ಪೂ ಅಲ್ಲಿ ಸಿಗುತ್ತವೆ.

ವಿಷುವಲ್ ಸಿ++ (ಅದರಲ್ಲಿ ಬರೆದ ಪ್ರೋಗ್ರಾಂ ಓಡಲು ಬೇಕಾದ ಮೈಕ್ರೋಸಾಫ್ಟ್‌ನ ಫೈಲುಗಳು) ಬೇರೆಯದೇ ವಿಷಯ, ಆದರೆ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಎರರ್‌ನಲ್ಲಿ ಬರುವ ಹೆಸರು ಎಂಎಸ್‌ವಿಸಿಪಿ ಅಥವಾ ವಿಸಿರನ್‌ಟೈಮ್ ಅಂತ ಶುರುವಾದರೆ ಡೈರೆಕ್ಟ್‌ಎಕ್ಸ್ ಎಷ್ಟು ಸಲ ಹಾಕಿದರೂ ಹೋಗುವುದಿಲ್ಲ. ಅದಕ್ಕೆ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಬೇಕು. 2005, 2008, 2010, 2012, 2013 ಇವಕ್ಕೆ ಬೇರೆ ಬೇರೆ, 2015ರಿಂದ ಈಚಿನವಕ್ಕೆ ಒಂದೇ ಸಾಕು. 64 ಬಿಟ್ ವಿಂಡೋಸ್ ಇದ್ದರೂ ಎಕ್ಸ್86 ಮತ್ತು ಎಕ್ಸ್64 ಎರಡನ್ನೂ ಹಾಕಿ.

ಇದಕ್ಕೆಲ್ಲಾ ಮೊದಲು ಗ್ರಾಫಿಕ್ಸ್ ಡ್ರೈವರ್ ಸರಿ ಇದೆಯಾ ನೋಡಿ. ವಿಂಡೋಸ್ ಕೀ ಮತ್ತು ಆರ್ ಒತ್ತಿ ಡಿಎಕ್ಸ್‌ಡಯಾಗ್ ಟೈಪ್ ಮಾಡಿದರೆ ಒಂದು ಕಿಟಕಿ ಬರುತ್ತದೆ. ಡಿಸ್‌ಪ್ಲೇ ಟ್ಯಾಬ್‌ನಲ್ಲಿ ಕಾರ್ಡಿನ ಹೆಸರಿನ ಬದಲು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಇದ್ದರೆ ನಿಜವಾದ ಡ್ರೈವರ್ ಕೂತಿಲ್ಲ ಅಂತ ಅರ್ಥ. ಅದೇ ಟ್ಯಾಬ್‌ನಲ್ಲಿ ಫೀಚರ್ ಲೆವೆಲ್ಸ್ ಅಂತ ಒಂದು ಸಾಲು ಇದೆ. ನಿಮ್ಮ ಕಾರ್ಡಿನ ಕೈಲಿ ಏನಾಗುತ್ತದೆ ಅಂತ ಹೇಳುವುದು ಆ ಸಾಲು. ವಿಂಡೋಸ್‌ನಲ್ಲಿ ಡೈರೆಕ್ಟ್‌ಎಕ್ಸ್ 12 ಇದ್ದು, ಆ ಸಾಲು 10_1ಕ್ಕೆ ನಿಂತಿದ್ದರೆ 11_0 ಕೇಳುವ ಆಟ ಓಡುವುದಿಲ್ಲ. ಅಲ್ಲಿ ಯಾವ ಪ್ಯಾಕೇಜೂ ಸಹಾಯಕ್ಕೆ ಬರುವುದಿಲ್ಲ, ಕಾರ್ಡೇ ಬದಲಾಗಬೇಕು.

1999ರ ಏಜ್ ಆಫ್ ಎಂಪೈರ್ಸ್ 2 ಬೇರೆ ಥರದ ಕೇಸ್. ಅದರಲ್ಲಿ ಒಬ್ಬರ ವಿರುದ್ಧ ಒಬ್ಬರು ಆಡಲು ಡೈರೆಕ್ಟ್‌ಪ್ಲೇ, ಅಂದರೆ ಕಂಪ್ಯೂಟರುಗಳನ್ನು ಆಟಕ್ಕೆ ಜೋಡಿಸುವ ಹಳೇ ಭಾಗ, ಬೇಕು. ಡೈರೆಕ್ಟ್‌ಪ್ಲೇ ವಿಂಡೋಸ್ ಒಳಗೇ ಇದೆ, ಆಫ್ ಆಗಿರುತ್ತದೆ ಅಷ್ಟೇ. ವಿಂಡೋಸ್ ಫೀಚರ್ಸ್ ಅನ್ನುವ ಪಟ್ಟಿ ತೆರೆದು, ಲೆಗಸಿ ಕಾಂಪೊನೆಂಟ್ಸ್ ಬಿಚ್ಚಿ, ಡೈರೆಕ್ಟ್‌ಪ್ಲೇ ಮುಂದೆ ಟಿಕ್ ಹಾಕಿದೆ. ಆಮೇಲೆ ಎರಡು ಕಂಪ್ಯೂಟರನ್ನು ಮನೆಯ ವೈಫೈಗೆ ಸೇರಿಸಿ, ತಂಗಿಯ ಮಗ ಒಂದರಲ್ಲಿ, ಅವನ ಅಪ್ಪ ಇನ್ನೊಂದರಲ್ಲಿ ಕೂತು ಆಡಿದರು. ಊಟಕ್ಕೆ ಕರೆದರೂ ಇಬ್ಬರೂ ಏಳಲಿಲ್ಲ.

ಅಷ್ಟು ಹಳೇ ಆಟಗಳಲ್ಲಿ ಬಣ್ಣ ಕೆಡುವುದು, ಚಿತ್ರ ತಡವರಿಸುವುದು ಇದ್ದರೆ ಡಿಜಿವೂಡೂ2 ಅನ್ನುವ ಉಚಿತ ಸಾಫ್ಟ್‌ವೇರ್ ಬಳಸುತ್ತೇನೆ. ಹಳೇ ಡೈರೆಕ್ಟ್‌ಎಕ್ಸ್ ಕರೆಗಳನ್ನು ಅದು 11 ಅಥವಾ 12ರ ಕರೆಗಳಾಗಿ ಬದಲಾಯಿಸುತ್ತದೆ. ಅದರ ಡಿಎಲ್ಎಲ್ ಅನ್ನು ಆಟದ ಫೋಲ್ಡರಿನಲ್ಲಿ ಇಟ್ಟರೆ ಸಾಕು. ಆಟ ಇಂಥ ಫೈಲುಗಳನ್ನು ಮೊದಲು ತನ್ನ ಫೋಲ್ಡರಿನಲ್ಲಿ ಹುಡುಕಿ, ಆಮೇಲೆ ವಿಂಡೋಸ್ ಫೋಲ್ಡರಿಗೆ ಹೋಗುವುದರಿಂದ ಇದು ಸಾಧ್ಯ. ಬೇಡವೆಂದರೆ ಆ ಫೈಲ್ ಅಳಿಸಿದರಾಯ್ತು, ವಿಂಡೋಸ್‌ಗೆ ಏನೂ ಆಗುವುದಿಲ್ಲ. ಡೈರೆಕ್ಟ್‌ಎಕ್ಸ್ 9ನ್ನು ವಲ್ಕನ್ ಅನ್ನುವ ಬೇರೊಂದು ಗ್ರಾಫಿಕ್ಸ್ ವ್ಯವಸ್ಥೆಗೆ ಬದಲಾಯಿಸುವ ಡಿಎಕ್ಸ್‌ವಿಕೆ ಕೂಡ ಇದೇ ರೀತಿ ಕೆಲಸ ಮಾಡುತ್ತದೆ. ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ ಇದ್ದವರು ಇದನ್ನು ಒಮ್ಮೆ ನೋಡಬಹುದು. ಅಲ್ಲಿಂದ ಇಂಟೆಲ್ ಡೈರೆಕ್ಟ್‌ಎಕ್ಸ್ 9ಕ್ಕೆ ನೇರ ಬೆಂಬಲ ಬಿಟ್ಟು, 9ರ ಕರೆಗಳನ್ನು 12ಕ್ಕೆ ಬದಲಾಯಿಸುವ ಮೈಕ್ರೋಸಾಫ್ಟ್‌ನ ಡಿ3ಡಿ9ಆನ್12 ಮೂಲಕ ಓಡಿಸುತ್ತದೆ. ಆಟ ಓಡುತ್ತದೆ, ಆದರೆ ಯಾವುದೋ ಒಂದು ಆಟ ಕುಂಟುತ್ತಿದ್ದರೆ ಡಿಎಕ್ಸ್‌ವಿಕೆ ಹಾಕಿ ನೋಡುವುದರಲ್ಲಿ ನಷ್ಟವಿಲ್ಲ.

ಕೆಲವು ಡಿಸ್ಕ್‌ಗಳನ್ನು ಮಾತ್ರ ಪಕ್ಕಕ್ಕೆ ಇಡಬೇಕಾಯಿತು. ಸೇಫ್‌ಡಿಸ್ಕ್ ಅನ್ನುವ ಕಾಪಿ ತಡೆ ಇರುವ ಸಿಡಿಗಳು ವಿಂಡೋಸ್ 10ರಿಂದ ಮುಂದೆ ಓಡುವುದಿಲ್ಲ. ಅದರ ಡ್ರೈವರಿನಿಂದ ಭದ್ರತೆಗೆ ಅಪಾಯ ಇದ್ದುದರಿಂದ ಮೈಕ್ರೋಸಾಫ್ಟ್ ಅದಕ್ಕೆ ಜಾಗ ಕೊಡಲಿಲ್ಲ. ಇದು ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ. ಅಂಥ ಆಟ ಬೇಕೇ ಬೇಕು ಅಂದರೆ ಕಾಪಿ ತಡೆ ಇಲ್ಲದೆ ಮಾರುವ ಜಿಒಜಿ ಸೈಟಿನಲ್ಲಿ ಸಿಗುತ್ತಾ ನೋಡಿ. 90ರ ದಶಕದ ಕೆಲವು ಆಟಗಳ ಇನ್‌ಸ್ಟಾಲರ್ 16 ಬಿಟ್, ಅದೂ 64 ಬಿಟ್ ವಿಂಡೋಸ್‌ನಲ್ಲಿ ತೆರೆಯುವುದಿಲ್ಲ.

ಈಗ ನನ್ನ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಒಂದು ಫೋಲ್ಡರ್ ಖಾಯಂ ಇದೆ. ಬಿಚ್ಚಿಟ್ಟ ಜೂನ್ 2010ರ ಪ್ಯಾಕೇಜ್, ವಿಷುವಲ್ ಸಿ++ ಎಲ್ಲಾ ವರ್ಷದ್ದು, ಡಿಜಿವೂಡೂ2. ಯಾರ ಮನೆಯಲ್ಲಿ ವಿಂಡೋಸ್ ಹೊಸದಾಗಿ ಹಾಕಿದರೂ ಡ್ರೈವರ್ ಆದ ಕೂಡಲೇ ಇದನ್ನು ಚುಚ್ಚುತ್ತೇನೆ. ಡಿಎಕ್ಸ್‌ಸೆಟಪ್ ಮುಂದೆ ಸ್ಲ್ಯಾಶ್ ಸೈಲೆಂಟ್ ಅಂತ ಕೊಟ್ಟರೆ ಏನನ್ನೂ ಕೇಳದೆ ತಾನೇ ಮುಗಿಸುತ್ತದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿರಬೇಕು, ಅಷ್ಟೇ.