ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಅದರ ಹೊಟ್ಟೆಗೇ ಹೋಗುತ್ತದೆ

ಮಳೆಗಾಲ ಹಿಡಿಯಿತು ಅಂದರೆ ನಮ್ಮ ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಬೆಕ್ಕು ಬಚ್ಚಲೊಲೆಯ ಪಕ್ಕ ಬಿಟ್ಟು ಕದಲುವುದಿಲ್ಲ. ಅಲ್ಲಿನ ಗೋಣಿಚೀಲವೇ ಹಾಸಿಗೆ. ಕೆರೆತ ಶುರುವಾಗುವುದೂ ಬಹಳ ಸಲ ಅಲ್ಲಿಂದಲೇ.

ಬಾಲದ ಬುಡದಲ್ಲಿ ಕೂದಲು ಉದುರಿ, ಕೈಯಾಡಿಸಿದರೆ ಸಣ್ಣ ಸಣ್ಣ ಹಕ್ಕಳೆ ಸಿಕ್ಕರೆ ಮೊದಲು ಚಿಗಟದ ಮೇಲೆ ಅನುಮಾನ ಪಡಿ. ಚಿಗಟ ಕಣ್ಣಿಗೆ ಬೀಳಲಿಲ್ಲ ಅಂತ ಸುಮ್ನಿರಬೇಡಿ, ಬೆಕ್ಕು ಅದನ್ನು ನೆಕ್ಕಿ ನುಂಗಿರುತ್ತದೆ. ಹೇನಿನ ಹಣಿಗೆಯಲ್ಲಿ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ ನೋಡಿ. ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಆಗ ಬೆಕ್ಕಿಗೆ ಮಾತ್ರ ಔಷಧಿ ಹಾಕಿದರೆ ಸಾಲದು. ಮೊಟ್ಟೆ, ಮರಿಹುಳ ಎಲ್ಲ ಗೋಣಿಯಲ್ಲಿ, ನೆಲದ ಸಂದಿಯಲ್ಲಿ ಇರುತ್ತವೆ. ಮರಿಹುಳ ಗೂಡು ಕಟ್ಟಿಕೊಂಡು ಅದರೊಳಗೆ ತಿಂಗಳುಗಟ್ಟಲೆ ಕಾಯುತ್ತವೆ. ಗೋಣಿ ಸುಟ್ಟುಹಾಕಿ, ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ.

ಕಿವಿಯೊಳಗೆ ಕಾಫಿ ಚರಟದಂಥ ಕೊಳೆ ಕಂಡರೆ ಅದು ಕಿವಿಯ ನುಸಿ ಇರಬಹುದು. ಕಿವಿಯಂಚು, ಮುಖ ದಪ್ಪಗೆ ಹಕ್ಕಳೆ ಕಟ್ಟಿದರೆ ಕಜ್ಜಿ ಇರಬಹುದು. ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿಯ ಅನುಮಾನ ಪಡಿ. ಅದು ಹುಳ ಅಲ್ಲ, ಬೂಷ್ಟಿನ ಜಾತಿ. ಮಕ್ಕಳಿಗೂ ಅಂಟುತ್ತದೆ. ವಾಸಿಯಾಗಲು ವಾರಗಟ್ಟಲೆ ಬೇಕು, ಹಾಗಾಗಿ ಕೂದಲು ಚಿಗುರಿತು ಅಂತ ಔಷಧಿ ನಿಲ್ಲಿಸಬೇಡಿ.

ನಾನು ಮಾಡಿದ ಒಂದು ತಪ್ಪು ನಿಮ್ಮಿಂದ ಆಗಬಾರದು. ತೋಟದ ನಾಯಿಗೆ ತಂದಿದ್ದ ಚಿಗಟದ ಔಷಧಿಯ ಹನಿಯನ್ನು ನಮ್ಮ ಬೆಕ್ಕು ಚಿನ್ನಿಯ ಕುತ್ತಿಗೆಗೂ ಹಾಕಿಬಿಟ್ಟೆ. ಸಂಜೆಯೊಳಗೆ ಅದರ ಮೈಯೆಲ್ಲ ನಡುಗಲು ಶುರುವಾಯಿತು. ಉಗುರು ಬೆಚ್ಚಗಿನ ನೀರಲ್ಲಿ ಪಾತ್ರೆ ಸೋಪು ಹಾಕಿ ತೊಳೆದು, ಟವೆಲಿನಲ್ಲಿ ಸುತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆವು. ಪುಣ್ಯ, ಬದುಕಿತು. ಆ ಹನಿಯಲ್ಲಿ ಪರ್ಮೆಥ್ರಿನ್ ಇತ್ತು. ನಾಯಿಗೆ ಆಗಿಬರುವ ಆ ಔಷಧಿ ಬೆಕ್ಕಿಗೆ ವಿಷ. ಡೆಟಾಲ್, ಸೀಮೆಎಣ್ಣೆ, ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ ಕೂಡ ಬೇಡ. ನಾವು ನಮ್ಮ ಮೈಗೆ ಹಚ್ಚಿಕೊಂಡರೆ ಹೊರಗೇ ಉಳಿಯುತ್ತದೆ, ಬೆಕ್ಕು ದಿನವಿಡೀ ಮೈ ನೆಕ್ಕುತ್ತದಲ್ವಾ? ಬೆಕ್ಕಿನದೇ ಔಷಧಿಯನ್ನು, ಅದರ ತೂಕ ನೋಡಿ ಡಾಕ್ಟರು ಹೇಳಿದಷ್ಟೇ ಹಾಕಿ.

ಬರೀ ಕೆರೆತಕ್ಕೆಂದು ಪಶು ಆಸ್ಪತ್ರೆಗೆ ಹೋಗುವ ಮುಂಚೆ ಸ್ನಾನ ಮಾಡಿಸಬೇಡಿ, ಎಣ್ಣೆ ಸವರಬೇಡಿ. ಚರ್ಮವನ್ನು ಸ್ವಲ್ಪ ಕೆರೆದು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ, ಆಗ ನುಸಿಯೋ ಬೂಷ್ಟೋ ತಿಳಿಯುತ್ತದೆ. ಮನೆಯಲ್ಲಿ ಇನ್ನೆರಡು ಬೆಕ್ಕಿದ್ದರೆ ಅದನ್ನೂ ಅವರಿಗೆ ಹೇಳಿ.